ಸ್ಥಳ ಆಯ್ಕೆಯ ದಿನ

ಸುಮಾ ಸ್ಟಾಫ್ ರೂಮಿನಲ್ಲಿ ಕೂತು ಊಟ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ಡಬ್ಬಿ ಕಿಟಕಿಯ ಕಟ್ಟೆ ಮೇಲೆ, ಅವಳು ಪಕ್ಕದಲ್ಲಿ ನಿಂತು, ಒಂದು ಕಣ್ಣು ಗಡಿಯಾರದ ಮೇಲೆ. ಬೆಳಿಗ್ಗೆ ಯಲಹಂಕದ ಸರ್ಕಾರಿ ಕಾಲೇಜು, ಮಧ್ಯಾಹ್ನ ಆರ್.ಟಿ. ನಗರದ ಖಾಸಗಿ ಕಾಲೇಜು, ನಡುವೆ ಹೆಬ್ಬಾಳ. ಅಲ್ಲಿ ಬಸ್ಸಿನಲ್ಲಿ ಸಿಕ್ಕಿಕೊಂಡವರಿಗೇ ಗೊತ್ತು ಆ ಸುಖ.

"ಕೂತ್ಕೊಂಡು ತಿನ್ನೇ ಸುಮಾ" ಎಂದರೆ, "ಕೂತ್ರೆ ಏಳೋಕಾಗಲ್ಲ ಅಲಮೇಲು ಮೇಡಂ" ಎನ್ನುತ್ತಿದ್ದಳು. ನಾನು ಯಲಹಂಕದ ಆ ಕಾಲೇಜಿನಲ್ಲೇ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಕೂತು ತಿಂದವಳು, ಅದಕ್ಕೇ ಈ ಗಾತ್ರ.

ಯಲಹಂಕದ ಬಳಿ ಪುಟ್ಟೇನಹಳ್ಳಿಯ ಅವಳ ಬೀದಿಯಲ್ಲಿ ಎಲ್ಲರೂ ಅವಳನ್ನು ಪ್ರೊಫೆಸರ್ ಎನ್ನುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಅವಳು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ರಜೆ ಬಂತೆಂದರೆ ಕೆಲಸ ಹೋಯಿತು, ಕಾಲೇಜು ತೆರೆಯುವಾಗ ಮತ್ತೆ ಅರ್ಜಿ, ಮತ್ತೆ ಕಾಯುವುದು. ಇಂಥ ಅತಿಥಿ ಸತ್ಕಾರ ಶತ್ರುವಿಗೂ ಬೇಡ. ರಾಜ್ಯಶಾಸ್ತ್ರಕ್ಕೆ ಹುಡುಗರು ಕಡಿಮೆಯಾದ ವರ್ಷ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಅವಳು ಈ ವಿಷಯ ಹಿಡಿದದ್ದು ಅಮ್ಮನಿಂದ. ಚಿಕ್ಕಬಾಣಾವರದ ಆಚೆ ಒಂದು ಪಂಚಾಯಿತಿಯಲ್ಲಿ ಮಹಿಳಾ ಮೀಸಲು ಬಂದಾಗ ಅಪ್ಪ ವೆಂಕಟಸ್ವಾಮಿ ಹೆಂಡತಿಯನ್ನು ನಿಲ್ಲಿಸಿ ಗೆಲ್ಲಿಸಿದರು. ಮುನಿಕೃಷ್ಣಮ್ಮ ಅಧ್ಯಕ್ಷೆಯೂ ಆದರು. ಕುರ್ಚಿಯಲ್ಲಿ ಕೂತವರು ಮಾತ್ರ ವೆಂಕಟಸ್ವಾಮಿ. "ಸಭೇಲಿ ಏನು ಮಾಡ್ತಿದ್ರಮ್ಮ?" ಎಂದು ನಾನೊಮ್ಮೆ ಕೇಳಿದ್ದೆ. "ಇಂಗೇ ಕುಂತಿರ್ತಿದ್ದೆ ಕಣವ್ವ, ಮೂಲೇಲಿ. ಟೀ ಚೆನ್ನಾಗಿರ್ತಿತ್ತು" ಎಂದು ನಕ್ಕಿದ್ದರು. ಮಗಳಿಗೆ ಆ ನಗು ಸಹಿಸಲು ಆಗುತ್ತಿರಲಿಲ್ಲ.

ಜ್ಞಾನಭಾರತಿಯಲ್ಲಿ ಎಂ.ಎ. ಮುಗಿಸಿ, ನೆಟ್ ಪರೀಕ್ಷೆಯಲ್ಲಿ ಒಮ್ಮೆ ಮುಗ್ಗರಿಸಿ, ಮತ್ತೆ ಬರೆದು ಪಾಸಾಗಿ, ಮದುವೆ, ಮಗು, ಅದರ ನಡುವೆಯೇ ಪಿಎಚ್.ಡಿ. ಹಿಡಿದಳು. ವಿಷಯ, ಪಂಚಾಯಿತಿಯ ಮಹಿಳಾ ಸದಸ್ಯರು. ಹೆಸರಘಟ್ಟದ ಕಡೆ ಹಳ್ಳಿ ಹಳ್ಳಿ ಸುತ್ತಿದಳು. ಪ್ರಶ್ನೆ ಕೇಳುವುದು ಹೆಂಗಸರನ್ನು, ಉತ್ತರ ಬರುವುದು ಜಗಲಿಯಲ್ಲಿ ಕೂತ ಗಂಡಂದಿರಿಂದ! ಸಿಟ್ಟಿನಿಂದಲೇ ಪ್ರಬಂಧ ಬರೆದಳು. ಒಳ್ಳೆಯ ಸಿಟ್ಟು, ಡಾಕ್ಟರೇಟ್ ಸಿಕ್ಕಿತು. ಕಾಯಂ ಕೆಲಸ ಮಾತ್ರ ಸಿಗಲಿಲ್ಲ.

ಕೊನೆಗೆ ಸಹಾಯಕ ಪ್ರಾಧ್ಯಾಪಕರ ನೇಮಕಾತಿ ಬಂತು. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ. ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬಂದಾಗ ನಾನೇ ಕುಣಿದಾಡಿದೆ. ಆದರೆ ಅವಳ ಚಡಪಡಿಕೆ ಹೆಚ್ಚಾಯಿತು. ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆದು ಖಾಲಿ ಇರುವ ಊರು ತೋರಿಸುತ್ತಾರೆ. ಹಿಂದಿದ್ದವರಿಗೆ ಉಳಿದದ್ದೇ ಗತಿ, ಬೇಡವೆಂದರೆ ಕೆಲಸವೇ ಇಲ್ಲ. ಗಂಡ ವಿಜಯ್ ಕುಮಾರ್ ಒಳ್ಳೆಯವನು, ಒಂದು ದಿನವೂ ಗದರಿದವನಲ್ಲ. ಮಗಳು ಮಹತಿ ಎಸ್ಸೆಸ್ಸೆಲ್ಸಿ. "ಹತ್ರ ಸಿಕ್ರೆ ಸರಿ, ಇಲ್ದಿದ್ರೆ ನೋಡೋಣ" ಎಂದಿದ್ದ ವಿಜಯ್. ಈ "ನೋಡೋಣ" ಏನೆಂದು ಸಂಸಾರಸ್ಥರಿಗೆ ಹೇಳಬೇಕಾಗಿಲ್ಲ.

ಸ್ಥಳ ಆಯ್ಕೆಯ ದಿನ ಮಲ್ಲೇಶ್ವರದ ಸಭಾಂಗಣಕ್ಕೆ ವಿಜಯ್ ಕಾರಿನಲ್ಲಿ ನಾನೂ ಹೋದೆ. ಜೊತೆಗೆ ಬಂದವರಿಗೆ ಹಿಂದಿನ ಕುರ್ಚಿಗಳು. ಪರದೆಯ ಮೇಲೆ ಮೊದಲು ಬೆಂಗಳೂರು ಖಾಲಿಯಾಯಿತು, ಆಮೇಲೆ ತುಮಕೂರು, ಕೋಲಾರ. ಸುಮಾ ಸೆರಗಿನ ತುದಿ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. ಅವಳ ಹೆಸರು ಕರೆಯುವ ಹೊತ್ತಿಗೆ ಉಳಿದದ್ದೆಲ್ಲ ರಾತ್ರಿಯಿಡೀ ಪ್ರಯಾಣದ ಊರುಗಳು. ಇದ್ದುದರಲ್ಲಿ ದೊಡ್ಡದು ಸಿಂಧನೂರು.

"ಯಾವ ಕಾಲೇಜಮ್ಮ?" ಎಂದರು ಮೇಜಿನ ಹಿಂದಿನ ಅಧಿಕಾರಿ.

ಸುಮಾ ತಿರುಗಿ ವಿಜಯ್ ಕಡೆ ನೋಡಿದಳು.

ಅವನು ಎದ್ದು ನಿಂತ. "ಸರ್, ಅಷ್ಟು ದೂರ ಅವ್ರಿಗೆ ಆಗಲ್ಲ. ಬಿಟ್ಬಿಡಿ."

ಅಧಿಕಾರಿ ತಲೆಯಾಡಿಸಿ ಮುಂದಿನ ಹೆಸರು ಕೂಗಿಯೇ ಬಿಟ್ಟರು! ಗಂಡ ಹೇಳಿದ ಮೇಲೆ ಇನ್ನೇನು ಕೇಳುವುದು ಎಂಬಂತೆ. ಮುಂದಿನವನು ಆಗಲೇ ಮೇಜಿನ ಬಳಿ ಬಂದಿದ್ದ. ಸುಮಾ ಜಾಗ ಬಿಡಲಿಲ್ಲ.

"ಸರ್, ನಾನಿನ್ನೂ ಹೇಳಿಲ್ಲ" ಎಂದಳು. "ಸಿಂಧನೂರು ಹಾಕ್ಕೊಳ್ಳಿ."

"ಯೋಚ್ನೆ ಮಾಡಿದ್ದೀರಾ? ಆಮೇಲೆ ಬದಲಾಯಿಸೋಕಾಗಲ್ಲ."

"ಹಾಕ್ಕೊಳ್ಳಿ ಸರ್."

ವಾಪಸು ಬರುವಾಗ ಕಾರು ಯಶವಂತಪುರ ದಾಟಿತು. ಹಿಂದಿನ ಸೀಟಿನಲ್ಲಿ ನಾನು ಇಲ್ಲದವಳಂತೆ ಕೂತಿದ್ದೆ, ನನ್ನ ಗಾತ್ರಕ್ಕೆ ಅದು ಸುಲಭವಲ್ಲ. ಹೆಬ್ಬಾಳದಲ್ಲಿ ಗಾಡಿಗಳು ನಿಂತವು. ಸುಮಾ ಕಿಟಕಿ ಗಾಜು ಇಳಿಸಿದಳು, ಏರಿಸಿದಳು. ಮಹತಿಯ ಪರೀಕ್ಷೆ, ತಿಂಗಳಿಗೊಮ್ಮೆ ಬಂದು ಹೋಗುವುದು, ಎಲ್ಲ ಅವಳ ಮುಖದಲ್ಲೇ ಓಡುತ್ತಿತ್ತು.

ಕೊನೆಗೆ ವಿಜಯ್ ಮೆಲ್ಲಗೆ ಹೇಳಿದ. ಸಿಟ್ಟಿರಲಿಲ್ಲ, ನೋವಿತ್ತು. "ನಾನಾಗಿ ನಾನು ಎದ್ದೇಳ್ಲಿಲ್ಲ ಸುಮಾ. ನೀನೇ ತಾನೆ ನನ್ನ ಕಡೆ ತಿರುಗಿ ನೋಡಿದ್ದು?"

"ಹೂಂ ಕಣ್ರೀ, ನಾನೇ ನೋಡಿದ್ದು" ಎಂದಳು. "ಇಷ್ಟೆಲ್ಲ ಓದಿ, ಬರೆದು, ಪಾಠ ಮಾಡಿ, ಆಮೇಲೂ ನಿಮ್ ಕಡೇನೇ ನೋಡ್ದೆ. ಅದಕ್ಕೇ ನಂಗೆ ಇಲ್ಲೇ ಇರೋಕೆ ಭಯ."