ಆರಿಹೋದ ಹಿಟ್ಟು

"ಅಮ್ಮಾ, ಆ ಗ್ಯಾಸ್ ಒಲೆ ತೆಗೆಸಿಬಿಡಿ. ಫೋಟೋದಲ್ಲಿ ಹಳ್ಳಿ ಥರಾನೇ ಕಾಣ್ತಿಲ್ಲ!"

ಹೀಗೆಂದವರು ನಮ್ಮ ಆಫೀಸಿನ ಸಾಹೇಬರ ಹೆಂಡತಿ. ಬೆಂಗಳೂರಿನಿಂದ ತೆರಕಣಾಂಬಿಯ ನಮ್ಮ ಮನೆಗೆ ಬಂದಿದ್ದು, ಅವರದೇ ಮಾತಲ್ಲಿ, ಊಟದ ಮೂಲಕ ನಮ್ಮ ಸಂಸ್ಕೃತಿ ತಿಳಿಯಲು.

ಅವ್ವ ಆಗತಾನೇ ಅದೇ ಗ್ಯಾಸಿನ ಮೇಲೆ ರಾಗಿ ಹಿಟ್ಟು ತಿರುವಿ, ದುಂಡಗೆ ಮುದ್ದೆ ಕಟ್ಟಿಟ್ಟಿದ್ದಳು. ಮೇಡಂಗೆ ಬೇಕಿದ್ದು ಮೂಲೆಯ ಸೌದೆ ಒಲೆ. ಅದರ ಮೇಲಿದ್ದ ಈರುಳ್ಳಿ ಚೀಲ ಇಳಿಸಿ, ಹೊಗೆ ಬರಲೆಂದು ತೆಂಗಿನ ಗರಿ ತುರುಕಿದೆ. ಅವ್ವ ಕೆಮ್ಮುತ್ತಾ ಖಾಲಿ ಮಡಕೆಯಲ್ಲಿ ಕೋಲು ತಿರುವಿದಳು. ಮೇಡಂ ಅರ್ಧ ಗಂಟೆ ಕ್ಯಾಮೆರಾ ಹಿಡಿದು ಸುತ್ತಿದರು. ಆಮೇಲೆ ಮುದ್ದೆ ಇಟ್ಟ ತಟ್ಟೆಯ ಫೋಟೋ ಸರದಿ. ಎಲ್ಲ ಮುಗಿದ ಮೇಲೆ ಮುದ್ದೆಯ ಚೂರೊಂದನ್ನು ಬಾಯಿಗಿಟ್ಟು, ಅಗಿದು ಅಗಿದು ಮುಖ ಹಿಂಡಿದರು.

"ಅಬ್ಬಾ, ಎಷ್ಟು ಗಟ್ಟಿ! ದಿನಾ ಹೇಗೆ ತಿಂತೀರಪ್ಪಾ?" ಎಂದು ಬ್ಯಾಗಿನಿಂದ ಬಿಸ್ಕತ್ತು ತೆಗೆದರು. ಅಲ್ಲಿಗೆ ನಮ್ಮ ಸಂಸ್ಕೃತಿ ಅವರಿಗೆ ತಿಳಿದುಹೋಯಿತು.

ಕಾರು ಹೊರಟ ಮೇಲೆ ಅವ್ವ ಅಂದಳು: "ಬಿಸಿ ಇದ್ದಾಗ ಪಟ ಇಡೀತಾ ಕುಂತ್ರು, ಆರೋದ್ಮೇಲೆ ಬಾಯ್ಗಾಕಂಡ್ರು. ಇನ್ನೇನ್ಲಾ ರುಚಿ ಸಿಕ್ಕದು?"

ಸೌದೆ ಒಲೆ ಮುಂದೆ ಅವ್ವ ಕೋಲು ತಿರುವುವ ಫೋಟೋವನ್ನು ಸಾಹೇಬರು ಕಳಿಸಿದರು; ಅದು ಈಗ ನಮ್ಮ ಗೋಡೆಯ ಮೇಲಿದೆ. ನೋಡಿದವರೆಲ್ಲ ಹೊಗಳುತ್ತಾರೆ, ಅವ್ವ ಮಾತ್ರ ಅತ್ತ ತಿರುಗಲ್ಲ. ಆ ಹೆಂಗಸನ್ನು ಬೈಯುವುದು ಸುಲಭ. ಆದರೆ ಅವ್ವ ಅರಿಶಿನ ಕುಂಕುಮ ಇಟ್ಟು ಹಚ್ಚಿದ್ದ ಹೊಸ ಗ್ಯಾಸ್ ಒಲೆಯನ್ನು, ಕಳ್ಳಮಾಲಿನಂತೆ ಮಂಚದ ಕೆಳಗೆ ತಳ್ಳಿದವನು ನಾನು.