ಹಿಂದಕ್ಕೆ ನೆರಿಗೆಯಿಟ್ಟು ಇಂಟರ್‌ವ್ಯೂಗೆ

ಮೊದಲ ಇಂಟರ್‌ವ್ಯೂಗೆ ನಾನು ಉಟ್ಟುಕೊಂಡು ಹೋದದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯಲು ನೋಡುತ್ತೇನೆ.

ಕೆಲಸ ಕೊಡಗಿನ ಹುದಿಕೇರಿ ಕಡೆಯ ಒಂದು ರೆಸಾರ್ಟಿನಲ್ಲಿ, ಅತಿಥಿಗಳನ್ನು ಬರಮಾಡಿಕೊಳ್ಳುವ ಕೌಂಟರಿನಲ್ಲಿ. ಉಳಿಯಲು ಕೋಣೆಯನ್ನೂ ಕೊಡುತ್ತಿದ್ದರು. ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದೆ. ಇದೂ ಸಿಗದಿದ್ದರೆ ಚಿಕ್ಕಪ್ಪ ನೋಡಿಟ್ಟ ಗಂಡನ್ನು ಒಪ್ಪುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದೆ.

ಏನು ಹಾಕಿಕೊಂಡು ಬರಬೇಕೆಂದು ಅವರು ಹೇಳಿರಲಿಲ್ಲ. ಚೂಡಿದಾರದಲ್ಲಿ ಇನ್ನೂ ಕಾಲೇಜಿಗೆ ಹೋಗುವವಳಂತೆ ಕಾಣುತ್ತಿದ್ದೆ. ಮೊಬೈಲಿನಲ್ಲಿ ಆ ರೆಸಾರ್ಟಿನ ಫೋಟೊಗಳನ್ನು ಹುಡುಕಿದೆ. ಕೌಂಟರಿನ ಹುಡುಗಿಯರೆಲ್ಲ ಕೊಡವರ ರೀತಿ ಸೀರೆ ಉಟ್ಟಿದ್ದರು. ನೆರಿಗೆ ಬೆನ್ನ ಕಡೆಗೆ, ಸೆರಗಿನ ಪಿನ್ನು ಬಲ ಹೆಗಲ ಮೇಲೆ. ಅಲ್ಲಿಗೆ ಅದೇ ಸರಿಯಿರಬೇಕು ಅಂದುಕೊಂಡೆ. ನಾವು ಕೊಡವರಲ್ಲ. ಅಜ್ಜನ ಕಾಲದಲ್ಲಿ ಹಾಸನದಿಂದ ಕೊಡಗಿಗೆ ಬಂದು ಹಾರಂಗಿ ಹತ್ತಿರ ಬೇಸಾಯಕ್ಕೆ ನಿಂತವರು. ಅದು ಆಗ ನನ್ನ ತಲೆಗೇ ಬರಲಿಲ್ಲ.

ವಿಡಿಯೊ ನೋಡಿಕೊಂಡು ಅಮ್ಮನ ರೇಷ್ಮೆ ಸೀರೆಯನ್ನು ಮೂರು ಸಲ ಉಟ್ಟು ಬಿಚ್ಚಿದೆ. ನಾಲ್ಕನೆಯ ಸಲ ನಿಂತಿತು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಇದೇನೇ, ಹಿಂದ್‌ಮುಂದಾಗಿ ಉಟ್ಕಂಡಿದೀಯ?”

“ಅಲ್ಲಿ ಹಿಂಗೇ ಉಡ್ತಾರಮ್ಮ.”

“ಉಡೋರು ಉಡ್ತಾರೆ. ನೀನ್ ಯಾವಾಗಿಂದ ಅವ್ರಾದೆ?”

“ಕೆಲ್ಸಕ್ಕೆ ಅಷ್ಟೇ.”

“ಹೋಗು ಹೋಗು. ಬಸ್ಸಲ್ಲಿ ಹೆಂಗ್ ಕೂತ್ಕತೀಯೋ!”

ಕೂರುವುದು ಕಷ್ಟವೇ ಆಯಿತು. ನೆರಿಗೆ ಮುದುಡಬಾರದೆಂದು ಗೋಣಿಕೊಪ್ಪಲಿನವರೆಗೆ ಸೀಟಿನ ತುದಿಯಲ್ಲೇ ಇದ್ದೆ.

ರೆಸಾರ್ಟಿನಲ್ಲಿ ಇಂಟರ್‌ವ್ಯೂಗೆ ಬಂದಿದ್ದ ಇನ್ನಿಬ್ಬರು ಹುಡುಗಿಯರು ಕಾಟನ್ ಕುರ್ತಾದಲ್ಲಿದ್ದರು. ನನ್ನನ್ನು ಅಲ್ಲಿನ ಕೆಲಸದವಳೆಂದು ತಿಳಿದು ಒಬ್ಬಳು ಟಾಯ್ಲೆಟ್ ಎಲ್ಲಿ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಒಳಗೆ ಮ್ಯಾನೇಜರ್ ಮೇಡಂ ಒಬ್ಬರೇ ಇದ್ದರು. ಐವತ್ತು ದಾಟಿದ ಕೊಡವ ಹೆಂಗಸು. ನನ್ನನ್ನು ಕಂಡ ಕೂಡಲೇ ಮುಖ ಅರಳಿಸಿ ಕೊಡವ ಭಾಷೆಯಲ್ಲಿ ಏನೋ ಕೇಳಿದರು. ‘ಒಕ್ಕ’ ಎಂಬ ಒಂದು ಪದ ಮಾತ್ರ ಅರ್ಥವಾಯಿತು. ನನ್ನ ಮನೆತನ ಯಾವುದೆಂದು ಕೇಳುತ್ತಿದ್ದರು.

“ಮೇಡಂ, ನಾವು ಹಾಸನದ ಕಡೆಯವರು,” ಎಂದೆ.

ಅವರ ನಗು ಹೋಗಲಿಲ್ಲ, ಆದರೆ ಇದ್ದಲ್ಲೇ ನಿಂತಿತು. “ಮತ್ತೆ ಇದು?”

“ನಿಮ್ಮ ಸ್ಟಾಫ್ ಉಡ್ತಾರಲ್ಲ ಅಂತ…”

“ಅದು ಯೂನಿಫಾರ್ಮಮ್ಮ. ನಾವೇ ಕೊಡ್ತೀವಿ. ಒಂದು ಫೋನ್ ಮಾಡಿ ಕೇಳಬಾರ್ದಿತ್ತಾ?”

ನಾನು ಫೈಲನ್ನು ಅವರ ಮುಂದಿಟ್ಟೆ. ಅವರು ಸರ್ಟಿಫಿಕೇಟುಗಳನ್ನು ತಿರುವಿದರು. ಆಮೇಲೆ ಕೇಳಿದರು: “ಇದನ್ನ ಉಟ್ಟು ನಿಂತ್ರೆ ಗೆಸ್ಟ್‌ಗಳು ನೀವು ಕೂರ್ಗೀನಾ ಅಂತಾರೆ. ಏನ್ ಹೇಳ್ತೀಯ?”

“ಕೊಡಗಿನವಳು ಅಂತೀನಿ. ಇಲ್ಲೇ ಹುಟ್ಟಿದ್ದು.”

“ಅವ್ರು ಕೇಳಿದ್ದು ಅದಲ್ಲ, ಕೊಡವ್ರಾ ಅಂತ.”

“ಗೊತ್ತು ಮೇಡಂ.”

ಅವರು ನಕ್ಕಂತಾಯಿತು. ಕೆಮ್ಮಿರಲೂಬಹುದು.

ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿದರು. “ಕೌಂಟರ್ ಬೇಡ. ಹಿಂದಿನ ರೂಮಲ್ಲಿ ಬುಕಿಂಗ್ ಫೋನ್ ನೋಡ್ಕೋ. ಅಲ್ಲಿ ಯೂನಿಫಾರ್ಮ್ ಇಲ್ಲ. ಸೋಮವಾರ ಬಾ.”

ಅತಿಥಿಗಳ ಪ್ರಶ್ನೆಯಿಂದ ನನ್ನನ್ನು ಉಳಿಸಿದರೋ, ಅತಿಥಿಗಳ ಕಣ್ಣಿನಿಂದ ನನ್ನನ್ನು ಮರೆಮಾಡಿದರೋ ನನಗೆ ಗೊತ್ತಾಗಲಿಲ್ಲ. ಅಲ್ಲಿ ಕೆಲಸ ಮಾಡಿದಷ್ಟು ದಿನವೂ ಕೇಳಲು ಧೈರ್ಯ ಬರಲಿಲ್ಲ.

ಫೋನ್ ಇಟ್ಟಾಗ ಅಮ್ಮ ಎದುರಿಗೇ ಇದ್ದಳು.

“ಏನಂದ್ರು?”

“ಅದು… ಕೌಂಟರ್ ಅಲ್ವಂತೆ, ಆದ್ರೆ…”

“ಸಿಕ್ತೋ ಇಲ್ವೋ, ಅಷ್ಟ್ ಹೇಳೇ.”

“ಸಿಕ್ತು.”

“ಹಂಗಾರೆ ನಿಮ್ಮ ಚಿಕ್ಕಪ್ಪಂಗೆ ಬೇಡ ಅಂತ ಹೇಳ್ತೀನಿ,” ಎಂದು ಅಮ್ಮ ನನ್ನ ಕೈಯಿಂದ ಫೋನ್ ಇಸಿದುಕೊಂಡಳು.