ಸತ್ತ ಬ್ಯಾಜರ್‌ಗಳ ಸಾಹೇಬರು
ಐರ್ಲೆಂಡಿನ ಮೊನಾಹನ್ ಸೀಮೆಯಲ್ಲಿ ಕಾರಿಗೆ ಸಿಕ್ಕಿ ಸತ್ತ ಬ್ಯಾಜರ್ ಕೂಡ ಯೂಜಿನ್ ಟ್ರೇನರ್ ಬಂದು ನೋಡುವವರೆಗೆ ಅಧಿಕೃತವಾಗಿ ಸತ್ತಂತಲ್ಲ. ಈ ಪಟ್ಟೆಮೂತಿಯ ಕಾಡುಪ್ರಾಣಿಯಲ್ಲಿ ಹಸುಗಳ ಕ್ಷಯ ಅಡಗಿದೆಯೇ ಎಂದು ತಿಳಿಯಲು ಹೆಣಗಳನ್ನು ಹೆಕ್ಕಿ ಪ್ರಯೋಗಾಲಯಕ್ಕೆ ಸಾಗಿಸುವುದು ಅವನ ಸರ್ಕಾರಿ ಕೆಲಸ; ಅದನ್ನವನು ರಾಯಭಾರಿಯ ಗತ್ತಿನಲ್ಲಿ ಮಾಡುತ್ತಾನೆ. ನಕ್ಷೆ ಬಿಚ್ಚಿ, ಗಂಟಲು ಸರಿಮಾಡಿಕೊಂಡು, "ಯಾಕೆ ಸತ್ತಿತು ಅಂತ ಯಾರು ಬೇಕಾದ್ರೂ ಹೇಳ್ತಾರೆ ಕಣ್ರಪ್ಪಾ, ಎಲ್ಲಿ ಸತ್ತಿತು ಅನ್ನೋದೇ ವಿದ್ಯೆ," ಎನ್ನುತ್ತಾನೆ. ಹೆಣದಲ್ಲಿ ರೋಗ ಸಿಕ್ಕರೆ ಆಸುಪಾಸಿನ ಕೊಟ್ಟಿಗೆಗಳಿಗೆಲ್ಲ ಪರೀಕ್ಷೆ, ಸೋಂಕಿದ ಹಸು ನೇರ ಕಸಾಯಿಖಾನೆಗೆ. ಹಾಗಾಗಿ ರೈತರು ತಮ್ಮ ಗೇಟಿನೆದುರು ಸತ್ತದ್ದನ್ನು ಸದ್ದಿಲ್ಲದೆ ಪಕ್ಕದವನ ಗೇಟಿಗೆ ದಾಟಿಸುತ್ತಾರೆ. ಯೂಜಿನ್ ಮಂಡಿಯೂರಿ, ಹುಲ್ಲಿನಲ್ಲಿ ಎಳೆದ ಜಾಡು ಹಿಡಿದು ಹಿಂದಕ್ಕೆ ಹೋಗಿ, ಸತ್ತ ಜಾಗಕ್ಕೇ ಗುರುತು ಹಾಕುತ್ತಾನೆ. "ಸತ್ತ ಮೇಲೂ ಇದು ನಡ್ಕೊಂಡು ಹೋಯ್ತೇನಯ್ಯಾ?" ಎಂದು ಅವನು ಕೇಳಿದರೆ, "ನಿನ್ನ ಕಂಡು ಎದ್ದು ಓಡಿರ್ಬೇಕು ಬಿಡು," ಎಂದು ರೈತರು ನಗುತ್ತಾರೆ. ಕಳೆದ ವಸಂತದಲ್ಲಿ ಅಂಥದೊಂದು ಜಾಡು ಅವನ ವಿಧವೆ ತಂಗಿ ಅಸಂಪ್ಟಾಳ ಗೇಟಿಗೆ ಹೋಗಿ ನಿಂತಿತು. ಅವಳು ಹಟ್ಟಿಯಿಂದ ಓಡಿ ಬಂದಳು. "ಬರೀಬೇಡ ಅಣ್ಣಾ. ಆ ಹದಿನೇಳು ಹಸು ಬಿಟ್ರೆ ನಂಗೇನಿದೆ ಹೇಳು?" ಯೂಜಿನ್ ನಕ್ಷೆಯನ್ನು ಬಹಳ ಹೊತ್ತು ನೋಡಿದ, ಸುತ್ತಲಿನ ಎಲ್ಲರ ಗೇಟುಗಳೂ ಅದರಲ್ಲಿದ್ದವು. ಗುರುತು ಹಾಕಿದ. ಹನ್ನೊಂದು ಹಸುಗಳಿಗೆ ಸೋಂಕಿತ್ತು. ಲಾರಿ ಬಂದ ದಿನ ಅವನು ರಜೆ ಹಾಕಿ ಬಂದು, ಬೆದರಿ ನಿಂತವುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದು ಹತ್ತಿಸಿದ. ಗೊತ್ತಿಲ್ಲದ ಹೆಸರುಗಳನ್ನು ತಂಗಿಯೇ ಹೇಳಿಕೊಟ್ಟಳು. ಅವಳು ಅವನೊಡನೆ ಆಡಿದ ಕೊನೆಯ ಮಾತುಗಳು ಅವೇ.